ಒಂದು ಡಿಸ್ಕ್, ಎರಡು ಸರ್ವರ್: ಫೆನ್ಸಿಂಗ್ ತೆಗೆದರೆ ಆಗುವುದೇನು?

ಪ್ರಶ್ನೆ: ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ನಮ್ಮ ಕಾರ್ಖಾನೆಯಿದೆ. ಎರಡು ಲಿನಕ್ಸ್ ಸರ್ವರ್‌ಗಳಿಗೆ ನೆಟ್‌ವರ್ಕ್ ಮೂಲಕ ಒಂದೇ ಐಸ್ಕಸಿ ಸ್ಟೋರೇಜ್ ಜೋಡಿಸಿ, ಒಂದು ಸರ್ವರ್ ಬಿದ್ದರೆ ಕೆಲಸವನ್ನು ಇನ್ನೊಂದಕ್ಕೆ ವಹಿಸುವ ಪೇಸ್‌ಮೇಕರ್ ಸಾಫ್ಟ್‌ವೇರ್ ಮೂಲಕ ಡೇಟಾಬೇಸ್ ನಡೆಸುತ್ತಿದ್ದೇವೆ. ಸರ್ವರ್‌ಗಳ ನಡುವಿನ ಸ್ವಿಚ್ ಒಮ್ಮೆ ಕೆಟ್ಟು ಸರಿಹೋದ ಮೇಲೆ ನೋಡಿದರೆ ಇಎಕ್ಸ್‌ಟಿ-4 ಫೈಲ್ ಸಿಸ್ಟಂ ಹಾಳಾಗಿತ್ತು. ಉತ್ತರಿಸದ ಸರ್ವರನ್ನು ಡಿಸ್ಕಿನಿಂದ ಬಲವಂತವಾಗಿ ದೂರವಿಡುವ ಫೆನ್ಸಿಂಗ್ ವ್ಯವಸ್ಥೆಯನ್ನು ‘ತೊಂದರೆ ಕೊಡುತ್ತದೆ’ ಎಂದು ಮೊದಲೇ ನಿಷ್ಕ್ರಿಯಗೊಳಿಸಿದ್ದ ತಂತ್ರಜ್ಞರು ಈಗ ಡಿಸ್ಕ್‌ನಲ್ಲೇ ದೋಷವಿದೆ ಎನ್ನುತ್ತಿದ್ದಾರೆ. ನಿಜವೇ?

ಉತ್ತರ: ಡಿಸ್ಕ್ ದೋಷದ ಸಂಭವ ಬಹಳ ಕಡಿಮೆ. ನೀವು ಬರೆದಿರುವ ಲಕ್ಷಣಗಳು ಎರಡೂ ಸರ್ವರ್‌ಗಳು ಏಕಕಾಲಕ್ಕೆ ಒಂದೇ ಡಿಸ್ಕಿಗೆ ಬರೆದುದನ್ನು ಸೂಚಿಸುತ್ತವೆ. ಇದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತಿದೆ, ಮತ್ತು ಪ್ರತಿ ಸಲವೂ ಅದರ ಹಿಂದೆ ಫೆನ್ಸಿಂಗ್ ತೆಗೆದುಹಾಕಿದ ಒಬ್ಬ ‘ಪರಿಣತ’ ಇರುತ್ತಾನೆ ಎಂಬುದು ನನಗೆ ತೀರ ಬೇಸರದ ಸಂಗತಿ.

ಸ್ವಿಚ್ ಕೆಟ್ಟ ಕೂಡಲೇ ಎರಡು ಸರ್ವರ್‌ಗಳ ನಡುವಿನ ಸಂಪರ್ಕ ಕಡಿಯಿತು. ಎದುರಿನ ಯಂತ್ರ ನಿಂತುಹೋಗಿದೆಯೋ ಅಥವಾ ನಡೆಯುತ್ತಿದ್ದೂ ಉತ್ತರಿಸಲಾಗುತ್ತಿಲ್ಲವೋ ಎಂಬುದನ್ನು ಮೌನವೊಂದರಿಂದಲೇ ತಿಳಿಯುವ ದಾರಿ ಯಾವ ಸಾಫ್ಟ್‌ವೇರ್‌ಗೂ ಇಲ್ಲ. ಹೀಗಾಗಿ ಎರಡನೆಯ ಸರ್ವರ್, ಎದುರಿನದು ನಿಂತಿದೆಯೆಂದು ಭಾವಿಸಿ, ಡಿಸ್ಕನ್ನು ಮೌಂಟ್ ಮಾಡಿತು (ಬಳಕೆಗೆ ತೆರೆಯಿತು). ಮಾಡುವಾಗ, ಮೊದಲನೆಯದು ಇನ್ನೂ ಬಳಸುತ್ತಿದ್ದ ಜರ್ನಲನ್ನೇ (ಫೈಲ್ ಸಿಸ್ಟಂನ ಬದಲಾವಣೆಗಳ ದಾಖಲೆ) ತಾನೂ ಓದಿ ಜಾರಿಗೊಳಿಸಿತು. ಡಿಸ್ಕಿನಲ್ಲಿ ಯಾವ ಬ್ಲಾಕ್ ಖಾಲಿಯಿದೆ ಎಂಬ ಲೆಕ್ಕವನ್ನು ಪ್ರತಿ ಸರ್ವರ್ ತನ್ನ ಮೆಮೊರಿಯಲ್ಲಿ ಇಟ್ಟುಕೊಳ್ಳುವುದರಿಂದ, ಒಂದು ಸರ್ವರ್ ಇನ್‌ವಾಯ್ಸ್ ಟೇಬಲಿಗೆ ಕೊಟ್ಟ ಬ್ಲಾಕನ್ನೇ ಇನ್ನೊಂದು ತನ್ನ ಲಾಗ್ ಫೈಲಿಗೆ ಕೊಟ್ಟಿರುತ್ತದೆ. ದುರಸ್ತಿ ಸಾಧನವಾದ ಎಫ್‌ಎಸ್‌ಸಿಕೆ ಓಡಿಸಿದರೆ ಫೈಲ್ ಸಿಸ್ಟಂನ ರಚನೆ ಸರಿಹೋಗಬಹುದು, ಆದರೆ ಮೇಲೆ ಬರೆದುಹೋದ ಮಾಹಿತಿ ಮರಳಿ ಬರುವುದಿಲ್ಲ. ಆದ್ದರಿಂದ ಸ್ವಿಚ್ ಕೆಡುವ ಮುಂಚಿನ ಬ್ಯಾಕಪ್‌ನಿಂದಲೇ ಡೇಟಾಬೇಸನ್ನು ಮರುಸ್ಥಾಪಿಸಿ.

ಫೆನ್ಸಿಂಗ್ ಎಂದರೆ, ಡಿಸ್ಕನ್ನು ವಹಿಸಿಕೊಳ್ಳುವ ಮೊದಲು ಎದುರಿನ ಸರ್ವರ್‌ನ ವಿದ್ಯುತ್ತನ್ನು ಅಥವಾ ಡಿಸ್ಕಿಗೆ ಬರೆಯುವ ಅದರ ಹಕ್ಕನ್ನು ಕಡಿದು, ಕಡಿದದ್ದು ಖಚಿತವಾಗುವವರೆಗೆ ಕಾಯುವುದು. ಅದು ಪದೇ ಪದೇ ಸರ್ವರ್ ಆಫ್ ಮಾಡುತ್ತಿದ್ದರೆ ನೆಟ್‌ವರ್ಕ್‌ನಲ್ಲೋ ಟೈಮ್‌ಔಟ್‌ನಲ್ಲೋ ದೋಷವಿದೆ ಎಂದರ್ಥ, ಮೊದಲು ಅದನ್ನು ಹುಡುಕಬೇಕು. ವಾಹನಗಳಿಗೆ ಅಡ್ಡಿಯಾಗುತ್ತದೆಂದು ರೈಲ್ವೆ ಗೇಟನ್ನೇ ಕಿತ್ತುಹಾಕುವುದನ್ನು ಯಾರೂ ದುರಸ್ತಿ ಎನ್ನುವುದಿಲ್ಲ.

ಅಳವಡಿಸುವಾಗಲೂ ಎಚ್ಚರ ಬೇಕು. ಬಹಳಷ್ಟು ಮಂದಿ, ಸರ್ವರನ್ನು ದೂರದಿಂದ ಆಫ್ ಮಾಡಲು ಅದರೊಳಗೇ ಇರುವ ಐಪಿಎಂಐ ಒಂದನ್ನೇ ನಂಬುತ್ತಾರೆ. ಬೆಸ್ಕಾಂ ವಿದ್ಯುತ್ ಹೋಗಿ ಒಂದು ಸರ್ವರ್‌ನ ಯುಪಿಎಸ್ ಕೂಡ ಕೈಕೊಟ್ಟರೆ, ಅದರ ಐಪಿಎಂಐ ಕೂಡ ಉಸಿರು ಬಿಡುತ್ತದೆ. ಆಗ ಫೆನ್ಸಿಂಗ್ ಆಯಿತೆಂಬ ಖಾತ್ರಿ ಸಿಗದೆ ಉಳಿದ ಸರ್ವರ್ ಕಾಯುತ್ತಲೇ ಕೂರುತ್ತದೆ. ಇದಕ್ಕಾಗಿ ಎರಡನೆಯ ಹಂತವಾಗಿ, ಬರೆಯುವ ಹಕ್ಕನ್ನು ಸ್ಟೋರೇಜ್‌ನಲ್ಲೇ ಕಡಿಯುವ ಸ್ಕಸಿ-3 ಪರ್ಸಿಸ್ಟೆಂಟ್ ರಿಸರ್ವೇಶನ್ ಆಧಾರಿತ ಫೆನ್ಸಿಂಗ್ ಇರಲಿ. ನಿಮ್ಮ ಸ್ಟೋರೇಜ್ ಅದನ್ನು ಬೆಂಬಲಿಸುತ್ತದೆಯೇ ಎಂದು ಮಾರಿದವರಿಂದ ಬರಹದಲ್ಲಿ ಪಡೆಯಿರಿ. ಎರಡೂ ಸರ್ವರ್‌ಗಳು ಒಂದೇ ಕ್ಷಣಕ್ಕೆ ಒಂದನ್ನೊಂದು ಆಫ್ ಮಾಡದಂತೆ ಒಂದು ಕಡೆಗೆ ಕೆಲವು ಸೆಕೆಂಡುಗಳ ವಿಳಂಬ ಕೊಡಿ. ಕ್ಲಸ್ಟರ್ (ಒಟ್ಟಾಗಿ ದುಡಿಯುವ ಸರ್ವರ್‌ಗಳ ಗುಂಪು) ಯಾವ ಕಡೆ ಮುಂದುವರಿಯಬೇಕೆಂಬುದನ್ನು ಸರ್ವರ್‌ಗಳ ಮತಗಳಿಂದ ನಿರ್ಧರಿಸುತ್ತದೆ. ಎರಡೇ ಮತಗಳಿರುವಲ್ಲಿ ಬಹುಮತವೆಂದರೆ ಎರಡೂ ಮತಗಳು. ಆದ್ದರಿಂದ ಬೇರೆ ಸ್ವಿಚ್, ಬೇರೆ ವಿದ್ಯುತ್ ಸಂಪರ್ಕವಿರುವ ಚಿಕ್ಕ ಯಂತ್ರವೊಂದರಲ್ಲಿ ಕ್ಲಸ್ಟರ್‌ನ ಸಂದೇಶ ವ್ಯವಸ್ಥೆಯಾದ ಕೊರೊಸಿಂಕ್‌ನ ಕ್ಯೂಡಿವೈಸ್ ಮೂಲಕ ಮೂರನೆಯ ಮತವನ್ನು ಇಡುವುದು ಒಳ್ಳೆಯದು. ಆದರೆ ಅದು ಫೆನ್ಸಿಂಗ್‌ಗೆ ಬದಲಿಯಲ್ಲ.

ಕೊನೆಗೆ, ರಜಾದಿನವೊಂದರಲ್ಲಿ ಪೂರ್ಣ ಬ್ಯಾಕಪ್ ತೆಗೆದುಕೊಂಡು, ಕ್ಲಸ್ಟರ್‌ನ ನೆಟ್‌ವರ್ಕ್ ಕೇಬಲನ್ನು ಕೈಯಾರೆ ಎಳೆದು ನೋಡಿ. ಒಂದು ಸರ್ವರ್ ಆಫ್ ಆಗಿ, ಅದಾದ ಮೇಲೆಯೇ ಇನ್ನೊಂದರಲ್ಲಿ ಡಿಸ್ಕ್ ಮೌಂಟ್ ಆಗಬೇಕು. ರೀಬೂಟ್ ಆದೇಶ ಕೊಟ್ಟು ‘ಫೇಲ್‌ಓವರ್ ಆಯಿತು’ (ಕೆಲಸ ಇನ್ನೊಂದಕ್ಕೆ ಹೋಯಿತು) ಎಂದು ತೋರಿಸುವವರ ಬಿಲ್ಲಿಗೆ ಸಹಿ ಹಾಕಬೇಡಿ. ಆಗ ಸರ್ವರ್ ತಾನೇ ಡಿಸ್ಕನ್ನು ಬಿಟ್ಟುಕೊಟ್ಟಿರುತ್ತದೆ, ಫೆನ್ಸಿಂಗ್‌ಗೆ ಕೆಲಸವೇ ಬಿದ್ದಿರುವುದಿಲ್ಲ.

ಪ್ರಶ್ನೆ (ಕೋಲಾರ): ಹಲವು ಸರ್ವರ್‌ಗಳು ಒಟ್ಟಿಗೆ ಬಳಸಬಲ್ಲ ಜಿಎಫ್‌ಎಸ್2 ಫೈಲ್ ಸಿಸ್ಟಂ ಹಾಕಿ ಎರಡೂ ಸರ್ವರ್‌ಗಳಲ್ಲಿ ಒಂದೇ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೇಟಾ ಫೋಲ್ಡರನ್ನು ನಡೆಸಿದರೆ ವೇಗ ಹೆಚ್ಚುತ್ತದೆಯೇ?

ಉತ್ತರ: ಇಲ್ಲ, ಡೇಟಾ ನಾಶವಾಗುತ್ತದೆ. ಜಿಎಫ್‌ಎಸ್2ಗೂ ಫೆನ್ಸಿಂಗ್ ಕಡ್ಡಾಯ.

ಪ್ರಶ್ನೆ (ಚಿಂತಾಮಣಿ): ಸ್ಟೋರೇಜ್‌ನಲ್ಲಿ ರೈಡ್ 6 ಇದೆ. ಬ್ಯಾಕಪ್ ಏಕೆ ಬೇಕು?

ಉತ್ತರ: ರೈಡ್ 6 ಎರಡು ಡಿಸ್ಕ್ ಕೆಟ್ಟರೂ ಕಾಪಾಡುತ್ತದೆ, ಯಾರೋ ಅಳಿಸಿದ ಟೇಬಲನ್ನು ಮರಳಿ ಕೊಡುವುದಿಲ್ಲ.

ಪ್ರಶ್ನೆ (ಗೌರಿಬಿದನೂರು): ಎರಡು ಸರ್ವರ್‌ಗಳ ವಿಂಡೋಸ್ ಕ್ಲಸ್ಟರ್‌ನಲ್ಲಿ ಮೂರನೆಯ ಮತ ಕೊಡುವ ಫೈಲ್ ಶೇರ್ ವಿಟ್ನೆಸ್ಸನ್ನು ಅವುಗಳಲ್ಲೊಂದರ ಮೇಲೆಯೇ ಇಡಬಹುದೇ?

ಉತ್ತರ: ಕೂಡದು, ಆ ಸರ್ವರ್ ಬಿದ್ದರೆ ಎರಡು ಮತಗಳು ಒಟ್ಟಿಗೆ ಹೋಗುತ್ತವೆ. ಮೂರನೆಯ ಯಂತ್ರದಲ್ಲಿಡಿ, ಅಥವಾ ವಿಂಡೋಸ್ ಸರ್ವರ್ 2016ರಿಂದ ಲಭ್ಯವಿರುವ ಕ್ಲೌಡ್ ವಿಟ್ನೆಸ್ ಬಳಸಿ.