ಬರಿ ಹೆಸರಿಗೆ ಡೈರೆಕ್ಟರ್

ಪತ್ರ: ಬಿ.ಕಾಂ. ಮುಗಿಸಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೇನೆ, ಸಂಬಳ 18,000. ತುಮಕೂರಿನ ಗುಜರಿ ಕಂಪನಿಯೊಂದು 35,000 ಕೊಡುತ್ತೇವೆಂದು ಕರೆದಿದೆ. ಬರಿ ಹೆಸರಿಗೆ ಡೈರೆಕ್ಟರ್ ಆಗಬೇಕಂತೆ. ಆಧಾರ್, ಪ್ಯಾನ್ ಪ್ರತಿ ಕೊಟ್ಟಿದ್ದೇನೆ. ಸರಕಿಲ್ಲದೆ ಬಿಲ್ ಓಡಿಸುತ್ತಾರೆಂಬ ಮಾತಿದೆ. ತಪ್ಪು ಯಜಮಾನರದ್ದು, ನಾನು ನೌಕರ ಮಾತ್ರ ಅಲ್ಲವೇ?
– ಓದುಗ, ಶಿರಾ

ಉತ್ತರ: ಮನೆ ನಡೆಯಬೇಕು, ಸಂಬಳ ಬೇಕು, ನಿಜ. ಗುಜರಿ ವ್ಯಾಪಾರಿಗಳೆಲ್ಲ ಕಳ್ಳರೂ ಅಲ್ಲ. ಆದರೆ ಬಿ.ಕಾಂ. ಓದಿದ ನೀವೇ ಹೀಗೆ ಕೇಳಿದರೆ ಹೇಗೆ ಸ್ವಾಮಿ?

ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಕನಿಷ್ಠ ಇಬ್ಬರು ಡೈರೆಕ್ಟರುಗಳು ಬೇಕು. ಹೆಂಡತಿ, ತಮ್ಮ, ಭಾವಮೈದನನ್ನು ಬಿಟ್ಟು ಮೊನ್ನೆ ಪರಿಚಯವಾದ ನಿಮ್ಮನ್ನೇ ಆ ಕುರ್ಚಿಗೆ ಕರೆದದ್ದೇಕೆ? ಕಂಪನಿಯಿಂದ ತೆರಿಗೆ ವಸೂಲಾಗದಿದ್ದರೆ ಜಿಎಸ್‌ಟಿ ಕಾಯ್ದೆಯ 89ನೇ ಕಲಂ ಆ ಅವಧಿಯ ಡೈರೆಕ್ಟರುಗಳ ಕೊರಳಿಗೆ ಬೀಳುತ್ತದೆ. ತನ್ನ ನಿರ್ಲಕ್ಷ್ಯವಿಲ್ಲವೆಂದು ಸಾಬೀತು ಮಾಡುವ ಭಾರವೂ ಅವರದ್ದೇ. ನಕಲಿ ಬಿಲ್ಲಿನ ತೆರಿಗೆ 5 ಕೋಟಿ ದಾಟಿದರೆ 5 ವರ್ಷದವರೆಗೆ ಜೈಲು, ಜಾಮೀನೂ ಸಲೀಸಲ್ಲ. ಶೇ 18ರ ದರದಲ್ಲಿ ಅದು ಸುಮಾರು 28 ಕೋಟಿಯ ಬಿಲ್. ಈ ದಂಧೆಯಲ್ಲಿ ಅಂಥ ದೊಡ್ಡ ಮೊತ್ತವೇನಲ್ಲ.

ಯಾರಿಗೆ ಗೊತ್ತಾಗುತ್ತದೆ ಅಂದಿರಾ? 50,000 ರೂಪಾಯಿ ಮೀರಿದ ಸರಕು ಸಾಗಿಸಲು ಇ-ವೇ ಬಿಲ್ ಎಂಬ ಆನ್‌ಲೈನ್ ರಹದಾರಿ ಬೇಕು, ಅದರಲ್ಲಿ ಗಾಡಿ ನಂಬರ್ ಇರಬೇಕು. ತುಮಕೂರಿನಿಂದ ಹಿರಿಯೂರಿಗೆ ಹೋಯಿತೆಂದು ಬರೆದ ಲಾರಿಯ ಫಾಸ್ಟ್ಯಾಗ್ ಕರ್ಜೀವನಹಳ್ಳಿ ಟೋಲ್‌ನಲ್ಲಿ ದಾಖಲಾಗದಿದ್ದರೆ ನೋಟಿಸಿಗೆ ಅಷ್ಟು ಸಾಕು. ಹತ್ತು ಟನ್ ಕಬ್ಬಿಣ ಹೊತ್ತ ‘ಲಾರಿ’ ಆರ್‌ಟಿಒ ದಾಖಲೆಯಲ್ಲಿ ಸ್ಕೂಟರ್ ಆಗಿರುವುದೂ ಉಂಟು. ಆ ನಂಬರ್ ಹೊಡೆದ ಲಾಗಿನ್ ಮಾತ್ರ ನಿಮ್ಮದು!

ನೌಕರ ಅಂದಮಾತ್ರಕ್ಕೆ ಕೋರ್ಟು ಬಿಡುವುದಿಲ್ಲ. ಸತ್ಯಂ ಸಾಫ್ಟ್‌ವೇರ್ ಕಂಪನಿಯ ಸುಳ್ಳು ಲೆಕ್ಕದ ಹಗರಣದಲ್ಲಿ 2015ರ ಏಪ್ರಿಲ್‌ನಲ್ಲಿ ಶಿಕ್ಷೆ ಕೇಳಿಸಿಕೊಂಡ 10 ಮಂದಿಯಲ್ಲಿ ಕಂಪನಿಯ ಸ್ಥಾಪಕ ರಾಮಲಿಂಗ ರಾಜು ಜೊತೆ ಹಣಕಾಸು ವಿಭಾಗದ ನೌಕರರೂ ಇದ್ದರು.

ಇನ್ನೆರಡು ಕಡೆ ಹುಷಾರು. ಡಿಜಿಟಲ್ ಸಹಿ ಇರುವ ಪೆನ್‌ಡ್ರೈವಿನಂಥ ಟೋಕನ್ ಯಜಮಾನರ ಆಡಿಟರ್ ಡ್ರಾಯರಿನಲ್ಲಿದ್ದರೆ ನೀವು ಮಲಗಿರುವಾಗಲೂ ನಿಮ್ಮ ಸಹಿ ಬೀಳುತ್ತದೆ. ಕಂಪನಿ ಪಡೆದ ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲಕ್ಕೆ ವೈಯಕ್ತಿಕ ಗ್ಯಾರಂಟಿ ಹಾಕಿದರೆ, ಕೆಲಸ ಬಿಟ್ಟರೂ ಅದು ಬಿಡದು. ಬ್ಯಾಂಕ್ ಲಿಖಿತವಾಗಿ ಬಿಡುಗಡೆ ಮಾಡಬೇಕು. ಇಲ್ಲದಿದ್ದರೆ ಸಿಬಿಲ್ ಕೆಟ್ಟು ನಾಳೆ ಮನೆಸಾಲವೂ ಹುಟ್ಟುವುದಿಲ್ಲ.

ನಿಮ್ಮೊಬ್ಬರನ್ನೇ ಬೈದು ಏನು ಪ್ರಯೋಜನ? ಬಿಲ್ ಮಾರಿ ದುಡ್ಡು ಮಾಡಿದವರಿಗೆ ನಮ್ಮೂರುಗಳಲ್ಲಿ ಗಣೇಶೋತ್ಸವದ ಫ್ಲೆಕ್ಸಿನಲ್ಲಿ ದೊಡ್ಡ ಫೋಟೊ, ಶಾಲಾ ವಾರ್ಷಿಕೋತ್ಸವದಲ್ಲಿ ಶಾಲು, ಹಾರ. ಪತ್ರಿಕೆಗಳು ಶುಭಾಶಯದ ಜಾಹೀರಾತು ಹಾಕುವಾಗ ದುಡ್ಡಿನ ಮೂಲ ಕೇಳುವುದಿಲ್ಲ. ಹೆಣ್ಣು ಕೊಡುವವರೂ ‘ಹುಡುಗ ಡೈರೆಕ್ಟರ್’ ಅಂದರೆ ಮುಂದೆ ವಿಚಾರಿಸುವುದಿಲ್ಲ. ವಿಚಾರಿಸುವವರು ಬೆಂಗಳೂರಿನ ಕಂಪನಿಯ ಎಚ್‌ಆರ್‌ನವರು. ನಿಮ್ಮ ಹೆಸರು ಹಾಕಿದರೆ ಹಳೆಯ ಕಂಪನಿಯ ಜಾತಕವೇ ಅವರ ಮುಂದೆ ಬರುತ್ತದೆ.

ಪ್ರತಿಗಳನ್ನು ಕೊಟ್ಟಾಗಿದೆ, ಆದ್ದರಿಂದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟಿನಲ್ಲಿ ಆ ಕಂಪನಿಯ ಡೈರೆಕ್ಟರ್ ಪಟ್ಟಿ ಇವತ್ತೇ ನೋಡಿ. ನಿಮ್ಮ ಹೆಸರಿದ್ದರೆ ಹೇಗೆ ಬಂತೆಂದು ಬರಹದಲ್ಲಿ ಕೇಳಿ, ರಾಜೀನಾಮೆಯನ್ನು ಇ-ಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಕಳಿಸಿ. ನೀವು ಬಿಟ್ಟಿದ್ದನ್ನು ತಿಳಿಸಲು ಕಂಪನಿ 30 ದಿನದೊಳಗೆ ಡಿಐಆರ್-12 ಎಂಬ ನಮೂನೆಯನ್ನು ಸರ್ಕಾರಕ್ಕೆ ಸಲ್ಲಿಸಬೇಕು. ಅವರನ್ನೇ ನಂಬಿ ಕೂರದೆ, ರಾಜೀನಾಮೆ ಕೊಟ್ಟವರೇ ತುಂಬುವ ಡಿಐಆರ್-11 ನಮೂನೆಯನ್ನು ನೀವೇ ಸಲ್ಲಿಸಿ. ಅಂಚೆ ರಸೀದಿ ಮನೆಯಲ್ಲಿರಲಿ, ಆಫೀಸಿನಲ್ಲಿ ಬೇಡ.