ಠಸ್ಸೆ, ನಂಬರು, ತುಕ್ಕು: ಯುದ್ಧಕಾಲದ ರೈಫಲ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ತಂದೆಯವರು ಕಳೆದ ತಿಂಗಳು ತೀರಿಕೊಂಡರು. ಅವರ ಕೋಣೆಯ ಬೀರುವಿನ ಹಿಂದೆ ಬಟ್ಟೆ ಸುತ್ತಿಟ್ಟ ಒಂದು ಪಾಯಿಂಟ್ 303 ರೈಫಲ್ ಇದೆ. ಬಲಗಡೆ ಕಿರೀಟ, ಅದರ ಕೆಳಗೆ ಜಿ.ಆರ್.ಐ., ಇಶಾಪೋರ್, 1943, ನಂ. 1 ಮಾರ್ಕ್ 3 ಸ್ಟಾರ್ ಎಂದು ಕೊರೆದಿದೆ. ಹಳೆಯ ಲೈಸೆನ್ಸ್ ಪುಸ್ತಕವೂ ಸಿಕ್ಕಿದೆ. ಇದು ಅಸಲಿಯೇ? ಏನು ಬೆಲೆ ಬಾಳುತ್ತದೆ?
(ಬಸವನಗುಡಿಯಿಂದ ಒಬ್ಬ ಓದುಗರು)

ಉತ್ತರ: ಬೆಲೆಯ ಮಾತು ಆಮೇಲೆ. ಲೈಸೆನ್ಸ್ ನಿಮ್ಮ ತಂದೆಯವರ ಹೆಸರಿನಲ್ಲಿತ್ತು, ಅವರೊಂದಿಗೇ ಅದರ ಬಲ ಮುಗಿಯಿತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಅನಗತ್ಯ ತಡ ಮಾಡದೆ ಅದನ್ನು ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಬಳಿಯೋ ಠೇವಣಿ ಇಟ್ಟು ರಸೀದಿ ಪಡೆಯಬೇಕು. 303 ನಮ್ಮಲ್ಲಿ ನಿಷಿದ್ಧ ಬೋರ್ (ನಳಿಗೆಯ ಒಳ ಅಳತೆ). ಆಸ್ತಿಯ ಹಾಗೆ ವಾರಸುದಾರರಿಗೆ ತಾನಾಗಿ ಬರುವುದಿಲ್ಲ. ಬೆಂಗಳೂರು ನಗರದಲ್ಲಿ ಲೈಸೆನ್ಸ್ ಪ್ರಾಧಿಕಾರ ಪೊಲೀಸ್ ಕಮಿಷನರ್. ಠೇವಣಿ ಇಟ್ಟ ಮೇಲೆ ಅಲ್ಲಿ ಅರ್ಜಿ ಕೊಡಿ. ರೈಫಲನ್ನು ಆಟೋದಲ್ಲಿ ಹಾಕಿಕೊಂಡು ಹೊರಡಬೇಡಿ. ಮೊದಲು ಠಾಣೆಗೆ ಫೋನ್ ಮಾಡಿ, ಅವರು ಹೇಳಿದಂತೆ ಮಾಡಿ.

ಒಳಗೆ ತೋಟಾ ಇದೆಯೇ ಎಂಬುದು ನಿಮಗೆ ಗೊತ್ತಿಲ್ಲ, ಹಾಗಾಗಿ ಇದೆ ಎಂದೇ ಭಾವಿಸಿ. ಕುದುರೆಯ ಹತ್ತಿರ ಬೆರಳು ಒಯ್ಯಬೇಡಿ, ನಳಿಗೆಯ ಬಾಯಿ ಯಾರ ಕಡೆಗೂ ತಿರುಗದಿರಲಿ. ಬೋಲ್ಟ್ (ತೋಟಾವನ್ನು ಒಳಗೆ ತಳ್ಳುವ ಚಿಲಕ) ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಸುತ್ತಿಗೆಯಿಂದ ತಟ್ಟಿ ಬಿಡಿಸಲು ಹೋಗಬೇಡಿ. ಡೀಲರ್ ಬಳಿಯ ಮಿಸ್ತ್ರಿ ನೋಡಿಕೊಳ್ಳಲಿ. ಬೀರುವಿನಲ್ಲಿ ಬಿಡಿ ತೋಟಾಗಳೂ ಸಿಕ್ಕರೆ, ಬುಡದಲ್ಲಿ ಕೆ.ಎಫ್. ಎಂದಿರುವವು ಪುಣೆ ಬಳಿಯ ಕಿರ್ಕಿಯ ಕಾರ್ಖಾನೆಯವು, ಅವನ್ನೂ ರೈಫಲ್ ಜೊತೆಗೇ ಒಪ್ಪಿಸಿ.

ಇನ್ನು ಅಸಲಿತನ. ನೀವು ಬರೆದ ಎಲ್ಲ ಗುರುತುಗಳೂ ಒಂದಕ್ಕೊಂದು ಹೊಂದುತ್ತವೆ. ಬ್ರಿಟನ್ 1941ರಿಂದ ಹೊಸ ನಂ. 4 ಮಾದರಿಗೆ ಹೋದರೂ ಬಂಗಾಳದ ಇಶಾಪುರ ಕಾರ್ಖಾನೆ ಹಳೆಯ ನಂ. 1 ಮಾದರಿಯನ್ನೇ ಯುದ್ಧದುದ್ದಕ್ಕೂ ತಯಾರಿಸಿತು. ಜಿ.ಆರ್.ಐ. ಎಂದರೆ ಜಾರ್ಜ್ ದೊರೆ ಮತ್ತು ಚಕ್ರವರ್ತಿ. ಕೊನೆಯ 'ಐ' ಭಾರತದ ಚಕ್ರವರ್ತಿ ಎಂಬುದನ್ನು ಹೇಳುತ್ತದೆ. ಸ್ವಾತಂತ್ರ್ಯದ ನಂತರದ ರೈಫಲ್‌ಗಳಲ್ಲಿ ಕಿರೀಟದ ಜಾಗಕ್ಕೆ ಅಶೋಕ ಸಿಂಹ ಬಂತು.

ಇದೇ ಕ್ರಮದಲ್ಲಿ ಯಾವುದೇ 303ಯನ್ನು ಪರೀಕ್ಷಿಸಬಹುದು. ಈ ಗಿಡ್ಡ ಲೀ-ಎನ್‌ಫೀಲ್ಡ್ (ನಿಮ್ಮ ರೈಫಲ್‌ನ ಮಾದರಿ) ಬಂದದ್ದು 1904ರಲ್ಲಿ, ಮಾರ್ಕ್ 3 ಬಂದದ್ದು 1907ರಲ್ಲಿ. ಕೆಲಸ ಬೇಗ ಆಗಲೆಂದು ಕೆಲವು ಭಾಗ ಕೈಬಿಟ್ಟ 'ಸ್ಟಾರ್' ಮೊದಲ ಮಹಾಯುದ್ಧದ ನಡುವೆ, 1916ರ ಹೊತ್ತಿಗೆ ಬಂತು. 'ನಂ. 1' ಎಂಬ ಹೆಸರು ಹುಟ್ಟಿದ್ದು 1926ರಲ್ಲಿ. ಅದಕ್ಕೆ ಹಿಂದಿನವುಗಳ ಮೇಲೆ ಎಸ್.ಎಚ್.ಟಿ.ಎಲ್.ಇ. (ಶಾರ್ಟ್ ಲೀ-ಎನ್‌ಫೀಲ್ಡ್) ಎಂದಿರುತ್ತದೆ. ಹಾಗಾಗಿ 1917 ಎಂಬ ಇಸವಿಯ ಪಕ್ಕದಲ್ಲಿ ಅದೇ ಕೈಯ ಅಕ್ಷರದಲ್ಲಿ 'ನಂ. 1' ಎಂದು ಕಂಡರೆ ಅಲ್ಲಿಗೇ ನಿಲ್ಲಿ.

ಆಮೇಲೆ ನಂಬರು. ಬಲಗಡೆ ರಿಸೀವರಿನ (ಬೋಲ್ಟ್ ಓಡಾಡುವ ಉಕ್ಕಿನ ಒಡಲಿನ) ಉಂಗುರ, ನಳಿಗೆಯ ಬುಡ, ಬೋಲ್ಟ್ ಹಿಡಿಯ ಹಿಂಬದಿ, ಗುರಿ ನೋಡುವ ಹಿಂದಿನ ಸೈಟ್‌ನ ಪಟ್ಟಿಯ ಅಡಿ, ಮುಂತುದಿಯ ನೋಸ್‌ಕ್ಯಾಪ್, ಹೀಗೆ ಐದು ಕಡೆ ಒಂದೇ ನಂಬರು ಇರಬೇಕು. ಬೋಲ್ಟ್ ಬೇರೆಯದಾಗಿದ್ದರೆ ಸಂಗ್ರಹದ ಬೆಲೆ ಇಳಿಯುತ್ತದೆ, ಅಷ್ಟೇ ಅಲ್ಲ, ಅದನ್ನು ಹಾರಿಸುವುದೂ ಅಪಾಯ. ಬೋಲ್ಟ್ ಮತ್ತು ನಳಿಗೆಯ ನಡುವಿನ ಅಂತರ ಪ್ರತಿ ರೈಫಲ್‌ಗೂ ಬೇರೆಬೇರೆಯಾಗಿ ಕೂಡಿಸಿದ್ದು.

ನಂಬರು ತಿದ್ದಿದ್ದರೆ ಎಲ್ಲವೂ ಮೋಸವಲ್ಲ. ಹಳೆಯ ನಂಬರಿನ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಹೊಸದನ್ನು ಒತ್ತಿದ್ದರೆ ಅದು ಸೇನೆಯ ಮಿಸ್ತ್ರಿಯ ಕೆಲಸ. ಎಫ್.ಟಿ.ಆರ್. ಎಂದಿದ್ದರೆ ಕಾರ್ಖಾನೆಯಲ್ಲಿ ಪೂರ್ತಿ ರಿಪೇರಿಯಾಗಿದೆ ಎಂದರ್ಥ. ಹಳೆಯದನ್ನು ಉಜ್ಜಿ ಅಳಿಸಿ, ಆ ತಗ್ಗಿನಲ್ಲಿ ಹೊಸದು ಕೂತಿದ್ದರೆ ಅನುಮಾನಿಸಿ. ಒಂದು ಟಾರ್ಚನ್ನು ಲೋಹಕ್ಕೆ ಓರೆಯಾಗಿ ಹಿಡಿದು ಅಕ್ಷರದ ಒಳಗನ್ನು ನೋಡಿ. ಹಳೆಯ ಠಸ್ಸೆಯ ತಳದಲ್ಲಿ ಮೈಯ ಕಪ್ಪೇ ಇಳಿದಿರುತ್ತದೆ, ಅಂಚು ಕೈಗಳ ಉಜ್ಜಾಟಕ್ಕೆ ಸವೆದು ದುಂಡಗಾಗಿರುತ್ತದೆ. ಹೊಸ ಠಸ್ಸೆಯ ತಳ ಹೊಳೆಯುತ್ತದೆ. ಸುತ್ತ ಎದ್ದ ಲೋಹದ ಏಣು ಉಗುರಿಗೆ ತಾಗುತ್ತದೆ.

ನಿಮ್ಮ ರೈಫಲ್‌ನಲ್ಲಿ ಮ್ಯಾಗಜೀನಿನ (ತೋಟಾ ತುಂಬುವ ಪೆಟ್ಟಿಗೆಯ) ಮುಂದೆ, ನಳಿಗೆಯ ಅಡಿಯ ಮರಕ್ಕೆ ಅಡ್ಡವಾಗಿ ಒಂದು ಸ್ಕ್ರೂ ಕಂಡರೆ ಗಾಬರಿಯಾಗಬೇಡಿ. ಮರ ಸೀಳದಿರಲೆಂದು ಇಶಾಪುರದವರೇ ಹಾಕುತ್ತಿದ್ದದ್ದು. ಹಳ್ಳಿಯ ಬಡಗಿಯ ತೇಪೆಯೆಂದು ಅದನ್ನು ತೆಗೆಸಿದವರಿದ್ದಾರೆ, ಅದು ನಷ್ಟ. ಮುಂಭಾಗಕ್ಕೆ ತಾಮ್ರದ ತಂತಿ ಸುತ್ತಿದ್ದರೂ ಬಿಚ್ಚಬೇಡಿ, ಗ್ರೆನೇಡ್ ಎಸೆಯಲು ಬಳಸಿದ ರೈಫಲ್‌ಗಳಿಗೆ ಹಾಗೆ ಸುತ್ತುತ್ತಿದ್ದರು. ಡಿ.ಪಿ. ಎಂದು ಒತ್ತಿದ್ದರೆ ಅದು ಕವಾಯತಿಗೆ ಮಾತ್ರ ಬಿಟ್ಟ ರೈಫಲ್. ಅದರಿಂದ ಎಂದೂ ಗುಂಡು ಹಾರಿಸಬಾರದು, ಬೆಲೆಯೂ ಕಡಿಮೆ.

ಬೆಲೆಗೆ ಬಂದರೆ, 1943ರ ಇಶಾಪುರ ರೈಫಲ್ ಅಪರೂಪದ್ದಲ್ಲ. ಐದೂ ನಂಬರು ಹೊಂದಿ, ಮರ ಮೂಲದ್ದೇ ಆಗಿದ್ದರೆ ಒಳ್ಳೆಯ ನಮೂನೆ. ಅಮೆರಿಕದ ಜಾಹೀರಾತಿನ ಡಾಲರನ್ನು ರೂಪಾಯಿಗೆ ಗುಣಿಸಿ ಲೆಕ್ಕ ಹಾಕಬೇಡಿ, ಇಲ್ಲಿ ಅದಕ್ಕೆ ಮುಕ್ತ ಪೇಟೆಯೇ ಇಲ್ಲ. ಅದನ್ನು ಹೊಂದಲು ಅನುಮತಿ ಇರುವವರಿಗೆ ಮಾತ್ರ, ಕಾಗದಪತ್ರದ ಮೂಲಕ ಮಾತ್ರ ಅದು ಕೈ ಬದಲಾಗಬಹುದು. ಲೈಸೆನ್ಸ್ ಪುಸ್ತಕವನ್ನು ಜೋಪಾನ ಮಾಡಿ. ಅದರಲ್ಲಿ ರೈಫಲ್‌ನ ನಂಬರೇ ಬರೆದಿದ್ದರೆ ಅದು ದಾಖಲೆ. ನಂಬರಿಲ್ಲದ ಹಳೆಯ ಫೋಟೊ, ಪದಕ, ಪತ್ರ ಮನೆತನದ ನೆನಪುಗಳಷ್ಟೇ; ಅವು ಈ ರೈಫಲ್ ಬಗ್ಗೆ ಏನನ್ನೂ ಸಾಬೀತು ಮಾಡವು.

ಪ್ರಶ್ನೆ: ಫೈರಿಂಗ್ ಪಿನ್ (ತೋಟಾ ಸಿಡಿಸುವ ಮೊಳೆ) ತೆಗೆದುಬಿಟ್ಟರೆ ಅದು ಶೋಪೀಸ್ ಆಗುತ್ತದಲ್ಲ, ಲೈಸೆನ್ಸ್ ಬೇಡವಂತೆ, ನಿಜವೇ?
(ಮಲ್ಲೇಶ್ವರ)

ಉತ್ತರ: ನಿಜವಲ್ಲ. ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಕ್ಕೆ ಕಾಯ್ದೆಯ 45ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಆದರೆ 'ರಿಪೇರಿ ಮಾಡಿದರೂ, ಮಾಡದಿದ್ದರೂ' ಬಂದೂಕಾಗಿ ಬಳಸಲು ಬಾರದಂಥದ್ದಾಗಿರಬೇಕು. ಪಿನ್ ಮತ್ತೆ ಹಾಕಿದರೆ ಐದು ನಿಮಿಷದಲ್ಲಿ ರೈಫಲ್ ಸಿದ್ಧ, ಹಾಗಾಗಿ ಈ ವಾದ ನಿಲ್ಲುವುದಿಲ್ಲ. 2019ರ ತಿದ್ದುಪಡಿಯ ನಂತರ ನಿಷಿದ್ಧ ಆಯುಧವನ್ನು ಅನುಮತಿಯಿಲ್ಲದೆ ಇಟ್ಟುಕೊಂಡರೆ ಕನಿಷ್ಠ 7 ವರ್ಷ, ಗರಿಷ್ಠ 14 ವರ್ಷ ಜೈಲು. ಪಿನ್ ತೆಗೆಯುವುದು, ನಳಿಗೆ ಕೊರೆಯುವುದು, ವೆಲ್ಡ್ ಮಾಡಿಸುವುದು ಯಾವುದನ್ನೂ ಸ್ವಂತ ಬುದ್ಧಿಯಿಂದ ಮಾಡಬೇಡಿ. ಪ್ರಾಧಿಕಾರದ ಲಿಖಿತ ಅನುಮತಿ ಬಂದ ಮೇಲೆ ಲೈಸೆನ್ಸ್ ಇರುವ ಮಿಸ್ತ್ರಿ ಮಾಡಲಿ.

ಪ್ರಶ್ನೆ: ಭಾನುವಾರದ ಬಜಾರಿನಲ್ಲಿ ಒಂದು ಬಯೋನೆಟ್ ತೋರಿಸಿದರು. ಮೇಲೆ 1907 ಎಂದಿದೆ, ಮೊದಲ ಮಹಾಯುದ್ಧಕ್ಕೂ ಹಿಂದಿನದು ಎಂದು ಹೆಚ್ಚು ಬೆಲೆ ಹೇಳುತ್ತಿದ್ದಾರೆ. ತೆಗೆದುಕೊಳ್ಳಬಹುದೇ?
(ಚಾಮರಾಜಪೇಟೆ)

ಉತ್ತರ: 1907 ಎಂಬುದು ಮಾದರಿಯ ಹೆಸರು, ತಯಾರಾದ ವರ್ಷವಲ್ಲ. ತಯಾರಾದ ತಿಂಗಳು, ವರ್ಷ ಅದರ ಕೆಳಗೆ ಚಿಕ್ಕದಾಗಿ ಇರುತ್ತದೆ: 5 '18 ಎಂದರೆ 1918ರ ಮೇ. ಅದರಡಿಯಲ್ಲಿ ತಯಾರಕರ ಹೆಸರು, ವಿಲ್ಕಿನ್ಸನ್, ಸ್ಯಾಂಡರ್ಸನ್, ಚಾಪ್‌ಮನ್ ಎಂದೋ, ಭಾರತದ್ದಾದರೆ ಆರ್.ಎಫ್.ಐ. (ರೈಫಲ್ ಫ್ಯಾಕ್ಟರಿ ಇಶಾಪುರ) ಎಂದೋ.

ಅಳತೆ ಪಟ್ಟಿ ಒಯ್ಯಿರಿ. ಮೂಲ ಅಲಗು 17 ಇಂಚು. ಎರಡನೇ ಮಹಾಯುದ್ಧದಲ್ಲಿ ಭಾರತ 12 ಇಂಚಿನ ಅಲಗುಗಳನ್ನು ಮಾಡಿತು, ಹಳೆಯ ಉದ್ದದವುಗಳನ್ನು ಕತ್ತರಿಸಿ ಗಿಡ್ಡ ಮಾಡಿದ್ದೂ ಉಂಟು. ಆದ್ದರಿಂದ ಗಿಡ್ಡ ಇದ್ದ ಮಾತ್ರಕ್ಕೆ ಮುರಿದದ್ದು ಎಂದುಕೊಳ್ಳಬೇಡಿ. ಹಿಡಿಯ ಅಡ್ಡಪಟ್ಟಿಯ ಕೆಳತುದಿಯಲ್ಲಿ ಮುಂದಕ್ಕೆ ಬಾಗಿದ ಕೊಕ್ಕೆ ಇದ್ದರೆ ಬೆಲೆ ಬಹಳ ಏರುತ್ತದೆ, ಏಕೆಂದರೆ ಆ ಕೊಕ್ಕೆಯನ್ನು 1913ರಲ್ಲಿ ಕೈಬಿಟ್ಟರು. ಅದಕ್ಕೇ ಕೊಕ್ಕೆಯನ್ನು ವೆಲ್ಡ್ ಮಾಡಿ ಅಂಟಿಸುವವರಿದ್ದಾರೆ. ಕೊಕ್ಕೆ ಹುಟ್ಟುವ ಜಾಗದಲ್ಲಿ ಉಗುರು ಎಳೆಯಿರಿ; ಗೆರೆಯೋ ಉಬ್ಬೋ ತಾಗಿದರೆ, ಅಥವಾ ಅಲಗಿನ ಮೇಲೆ 1918 ಎಂದಿದ್ದೂ ಕೊಕ್ಕೆ ಇದ್ದರೆ, ಕೈಬಿಡಿ.

ಬಯೋನೆಟ್ ಕೂಡ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಹೆಸರಿಸಿದ ಆಯುಧವೇ. ದುಡ್ಡು ಕೊಡುವ ಮೊದಲು ನಿಮ್ಮ ಠಾಣೆಯಲ್ಲಿ ಕೇಳಿ, ಮಾರಿದವರಿಂದ ರಸೀದಿ ಪಡೆಯಿರಿ. ರಸೀದಿ ಕೊಡದವರಿಂದ ಬೇಡ.

ಪ್ರಶ್ನೆ: ಗೋಡೆ ಅಲಂಕಾರಕ್ಕೆಂದು ಒಂದು ಕಡೆ 'ವಿಕ್ಟೋರಿಯಾ ರಾಣಿಯ ಕಾಲದ ರೈಫಲ್' ಇಟ್ಟಿದ್ದಾರೆ. ಕಿರೀಟ, ವಿ.ಆರ್., 1907, ಎನ್‌ಫೀಲ್ಡ್ ಎಂದಿದೆ. ಅಸಲಿಯೇ?
(ಇಂದಿರಾನಗರ)

ಉತ್ತರ: ವಿಕ್ಟೋರಿಯಾ ತೀರಿಕೊಂಡದ್ದು 1901ರ ಜನವರಿಯಲ್ಲಿ. 1907ರ ಠಸ್ಸೆಯಲ್ಲಿ ಎಡ್ವರ್ಡ್ ದೊರೆಯ ಇ.ಆರ್. ಇರಬೇಕಿತ್ತು. ಇದು ಈಗ ಪಾಕಿಸ್ತಾನದಲ್ಲಿರುವ ವಾಯವ್ಯ ಗಡಿಯ ದರ್ರಾ ಕಡೆಯ ಕೈಗೆಲಸದ ನಕಲು ಇರಬಹುದು. ಅಲ್ಲಿನ ಕುಶಲಕರ್ಮಿಗಳು ಕಣ್ಣಿಗೆ ಕಂಡ ಠಸ್ಸೆಯನ್ನು ಓದದೆಯೇ ಕೊರೆದವರು. ಎನ್ ಅಕ್ಷರ ತಿರುಗುಮುರುಗಾಗಿರುತ್ತದೆ, ಕಾಗುಣಿತ ತಪ್ಪಿರುತ್ತದೆ, ಅಕ್ಷರಗಳ ಸಾಲು ಡೊಂಕಾಗಿರುತ್ತದೆ. ಉಕ್ಕು ಮೆದು, ಒತ್ತಡ ತಾಳುವುದಿಲ್ಲ. ಆದರೂ ಅದು ಗುಂಡು ಹಾರಿಸಬಲ್ಲ ಬಂದೂಕೇ. 'ಅಲಂಕಾರದ ವಸ್ತು' ಎಂಬ ಚೀಟಿ ಕಾನೂನಿನ ಮುಂದೆ ನಡೆಯದು.

ಪ್ರಶ್ನೆ: ಮಾರುವ ಮೊದಲು ಪಾಲಿಶ್ ಹಾಕಿಸಿದರೆ ಬೆಲೆ ಹೆಚ್ಚುತ್ತದೆ ಎಂದು ಬಡಗಿ ಹೇಳುತ್ತಿದ್ದಾನೆ. ಉಪ್ಪುಕಾಗದ ಹಾಕಿ ಉಜ್ಜಿ ಫ್ರೆಂಚ್ ಪಾಲಿಶ್ ಕೊಡುತ್ತಾನಂತೆ. ಮಾವನವರ ಹೆಸರಿನಲ್ಲಿ ಲೈಸೆನ್ಸ್ ಚಾಲ್ತಿಯಲ್ಲಿದೆ.
(ಜಯನಗರ)

ಉತ್ತರ: ದಯವಿಟ್ಟು ಬೇಡ. ಯುದ್ಧದಲ್ಲಿ ಉಳಿದು ಬಂದ ರೈಫಲ್‌ಗಳಲ್ಲಿ ಹೆಚ್ಚಿನವು ಹಾಳಾಗುವುದು ಹೀಗೆ ಮನೆಯಲ್ಲೇ.

ಬಟ್ಟಿನ (ಹೆಗಲಿಗೆ ಒರಗಿಸುವ ಹಿಂಬದಿಯ) ಮರದ ಮೇಲೆ ತೆಳುವಾಗಿ ಒತ್ತಿದ ಮುದ್ರೆಗಳಿರುತ್ತವೆ: ಬಾಣದ ಗುರುತು, ಅದರೊಂದಿಗೆ ಭಾರತದ್ದು ಎಂದು ಹೇಳುವ 'ಐ', ತನಿಖಾಧಿಕಾರಿಯ ಗುರುತು, ರಿಪೇರಿಯ ಇಸವಿ. ಉಪ್ಪುಕಾಗದದ ನಾಲ್ಕು ಎಳೆತಕ್ಕೆ ಇವೆಲ್ಲ ಹೋಗುತ್ತವೆ, ಮತ್ತೆ ಬರುವುದಿಲ್ಲ. ಉಜ್ಜಿದ ಮರವನ್ನು ಪಾಲಿಶ್ ಮುಚ್ಚಲಾರದು. ಮೂಲದ ಮರ ಲೋಹ ಕೂಡುವ ಕಡೆ ಕೂದಲೆಳೆಯಷ್ಟು ಎತ್ತರದಲ್ಲಿರುತ್ತದೆ. ಬಟ್ಟಿನ ತಗಡಿನ ಅಂಚಿನ ಮೇಲೆ ಹೆಬ್ಬೆರಳು ಎಳೆದು ನೋಡಿ: ಮರ ಮೇಲಿದ್ದರೆ ಕೈ ಮುಟ್ಟಿಲ್ಲ, ತಗಡಿನ ಅಂಚು ಬೆರಳಿಗೆ ಚುಚ್ಚಿದರೆ ಉಜ್ಜಿದ್ದಾರೆ. ಬೆಲೆ ಕಟ್ಟುವವರು ಮೊದಲು ನೋಡುವ ಜಾಗಗಳಲ್ಲಿ ಇದೂ ಒಂದು.

ಹಿತ್ತಾಳೆಯ ಬಟ್ ತಗಡನ್ನು ದೀಪದ ಕಂಬದಂತೆ ಹುಣಸೆಹಣ್ಣು ಹಾಕಿ ತಿಕ್ಕುವವರೂ ಇದ್ದಾರೆ. ಹುಳಿ ಪಕ್ಕದ ಸ್ಕ್ರೂಗೂ ಉಕ್ಕಿಗೂ ಹರಿದು ಕಪ್ಪನ್ನು ತಿಂದುಹಾಕುತ್ತದೆ, ವಾರದಲ್ಲಿ ಅಲ್ಲಿ ಹೊಸ ತುಕ್ಕು ಏಳುತ್ತದೆ.

ಮಾಡಬೇಕಾದದ್ದು ಇಷ್ಟು, ಅದೂ ಲೈಸೆನ್ಸ್ ಇರುವ ಮಾವನವರೇ ತೋಟಾ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ. ತುಕ್ಕಿನ ಮೇಲೆ ಹೊಲಿಗೆ ಯಂತ್ರದ ಎಣ್ಣೆ ನಾಲ್ಕು ಹನಿ ಬಿಟ್ಟು ಒಂದು ದಿನ ಬಿಡಿ. ಹಳೆಯ ಹತ್ತಿ ಬನಿಯನ್ ತುಂಡಿನಿಂದ ಒರೆಸಿ. ಉಳಿದ ಕೆಂಪು ಚುಕ್ಕೆಯನ್ನು ಹಳೆಯ ತಾಮ್ರದ ಕಾಸಿನ ಅಂಚಿನಿಂದ, ಎಣ್ಣೆಯೊಂದಿಗೆ ಮೆಲ್ಲಗೆ ಕೆರೆಯಿರಿ. ತಾಮ್ರ ಉಕ್ಕಿಗಿಂತ ಮೆದು, ಗೀರು ಬೀಳದು. ಅಕ್ಷರಗಳ ಒಳಗೆ ಹಲ್ಲುಕಡ್ಡಿ ಸಾಕು. ಮರಕ್ಕೆ ಹಸಿ ಅಗಸೆ ಎಣ್ಣೆ, ಒಂದು ಟೀಚಮಚ, ಅಂಗೈಯಿಂದ ತಿಕ್ಕಿ ಅರ್ಧ ಗಂಟೆ ಬಿಟ್ಟು ಒರೆಸಿ. ಆ ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಗೆ ತಾನಾಗಿ ಬೆಂಕಿ ಹತ್ತಬಹುದು. ಹಗ್ಗದ ಮೇಲೆ ಹರಡಿ ಒಣಗಿಸಿ.

ಚರ್ಮದ ಚೀಲದಲ್ಲಿ ಇಡಬೇಡಿ. ಹದ ಮಾಡಿದ ಚರ್ಮದಲ್ಲಿನ ಲವಣಗಳು ತೇವ ಹೀರಿ, ಬೆಂಗಳೂರಿನ ಒಂದೇ ಮಳೆಗಾಲದಲ್ಲಿ ನಳಿಗೆಯ ಮೇಲೆ ಚೀಲದ ಹೊಲಿಗೆಯ ಅಚ್ಚೇ ತುಕ್ಕಾಗಿ ಮೂಡುತ್ತದೆ.

ಪ್ರಶ್ನೆ: ಅಮೆರಿಕದಲ್ಲಿರುವ ತಂಗಿಯ ಮಗ ಅಲ್ಲಿ ಜರ್ಮನ್ ಮೌಸರ್ 98ಕೆ ಅಥವಾ ಜಪಾನಿನ ಅರಿಸಾಕ ಕೊಳ್ಳಬೇಕೆಂದಿದ್ದಾನೆ. ಏನು ನೋಡಬೇಕು?
(ರಾಜಾಜಿನಗರ)

ಉತ್ತರ: ಮೌಸರಿನಲ್ಲಿ ರಿಸೀವರಿನ ನೆತ್ತಿಯ ಮೇಲೆ ಕಾರ್ಖಾನೆಯ ಗುಪ್ತಾಕ್ಷರ, ಇಸವಿ ಇರುತ್ತವೆ. ಓಬರ್ನ್‌ಡೋರ್ಫ್ ಕಾರ್ಖಾನೆ ಈ ರೈಫಲ್ ಮೇಲೆ ಬಿ.ವೈ.ಎಫ್. ಎಂದು ಒತ್ತತೊಡಗಿದ್ದು 1941ರಿಂದ. 1938ರ ಜೊತೆ ಅದೇ ಅಕ್ಷರ ಕಂಡರೆ ಹೊಂದಾಣಿಕೆಯಿಲ್ಲ. ಎಕ್ಸ್ ಗುರುತು, ಅರಗಿನ ಹೊಳಪಿನ ಮರ, ವಿದ್ಯುತ್ ಲೇಖನಿಯಿಂದ ಗೀಚಿದ ನಂಬರು ಇದ್ದರೆ ರಷ್ಯನ್ನರು ವಶಪಡಿಸಿಕೊಂಡು ರಿಪೇರಿ ಮಾಡಿದ್ದು. ಅದು ಅಸಲಿಯೇ, ಬೆಲೆ ಮಾತ್ರ ಬಹಳ ಕಡಿಮೆ. ಆ ಎಕ್ಸ್ ಅಳಿಸಿ, ನಂಬರು ಮರು ಒತ್ತಿ 'ಎಲ್ಲ ಹೊಂದಿದೆ' ಎಂದು ಮಾರುವುದು ದೊಡ್ಡ ಮೋಸ.

ಅರಿಸಾಕದ ನೆತ್ತಿಯಲ್ಲಿ 16 ದಳದ ಸೇವಂತಿಗೆ, ಅದು ಚಕ್ರವರ್ತಿಯ ಗುರುತು. ಜಪಾನ್ ಶರಣಾದ ಮೇಲೆ ಒಪ್ಪಿಸಿದ ರೈಫಲ್‌ಗಳಲ್ಲಿ ಅದನ್ನು ಉಜ್ಜಿ ಅಳಿಸಿದರು. ಹೂವು ಪೂರ್ತಿ ಉಳಿದಿದ್ದರೆ ಬೆಲೆ ಹೆಚ್ಚು, ಹಾಗಾಗಿ ಅಳಿಸಿದ ಜಾಗಕ್ಕೆ ಮತ್ತೆ ಹೂ ಕೊರೆಯುವವರಿದ್ದಾರೆ. ಉಂಗುರದ ದುಂಡನೆ ಹೂವಿನ ಸುತ್ತ ಚಪ್ಪಟೆಯಾಗಿದೆಯೇ ಎಂದು ಪಕ್ಕದಿಂದ ನೋಡಲಿ. ಟೈಪ್ 99 ಎಂದರೆ 1899 ಅಲ್ಲ, ಜಪಾನಿನ ಶಕೆ 2599, ನಮ್ಮ 1939.

ದುರ್ಬೀನು ಇರುವ ನಂ. 4 (ಟಿ) ಸ್ನೈಪರ್ ಸಿಕ್ಕರೆ ಇನ್ನೂ ಎಚ್ಚರ. ಇವುಗಳಲ್ಲಿ ಬಹುಪಾಲನ್ನು ಪರಿವರ್ತಿಸಿದ್ದು ಹಾಲೆಂಡ್ ಅಂಡ್ ಹಾಲೆಂಡ್. ಬಟ್ಟಿನ ಅಡಿಯಲ್ಲಿ ಅವರ ಎಸ್ 51 ಗುರುತು, ಎಡಗಡೆ ಟಿ ಅಕ್ಷರ, ಹಿಡಿಯ ಮೇಲ್ಭಾಗದ ಮರದಲ್ಲಿ ದುರ್ಬೀನಿನ ನಂಬರು, ದುರ್ಬೀನಿನ ಕಟ್ಟಿನ ಮೇಲೆ ರೈಫಲ್‌ನ ನಂಬರು ಇರಬೇಕು. ಎರಡು ನಂಬರೂ ಪರಸ್ಪರ ತಾಳೆಯಾಗದಿದ್ದರೆ ರೈಫಲ್ ಒಂದು, ದುರ್ಬೀನು ಒಂದು ಎಂದು ಬೇರೆಬೇರೆಯಾಗಿ ಬೆಲೆ ಕಟ್ಟಲಿ.

ಕೊಂಡದ್ದನ್ನು ಅವನು ಅಲ್ಲೇ ಇಟ್ಟುಕೊಳ್ಳಲಿ. ಊರಿಗೆ ಬರುವಾಗ ಬಿಚ್ಚಿ ಬಿಡಿಭಾಗವಾಗಿಯೂ ತರಬಾರದು.