ನಿಲ್ಲುವ ಬಣ್ಣ, ಬಿಡುವ ಬಣ್ಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಬಣ್ಣದ ಬಗ್ಗೆ. ಒಂದೇ ಬಗೆಯವನ್ನು ಕೂಡಿಸಿ ಉತ್ತರಿಸಿದ್ದೇವೆ. ಬಟ್ಟೆಯ ತೂಕ ಎಂದಲ್ಲೆಲ್ಲ ಒಣಬಟ್ಟೆಯ ತೂಕ ಎಂದೇ ತಿಳಿಯಿರಿ.

ನೀಲಿ ಗಿಡದ ಪುಡಿ ತರಿಸಿ, ಬೆಲ್ಲ ಮತ್ತು ಸುಣ್ಣ ಹಾಕಿ ಕಲಸಿಟ್ಟು, ಮರುದಿನ ಹತ್ತಿ ಬಟ್ಟೆ ಅದ್ದಿದೆ. ಬಣ್ಣ ಗಾಢವಾಗಿಯೇ ಬಂತು. ಆದರೆ ಒಣಗಿದ ಮೇಲೂ ಕೈಗೆ ಹತ್ತುತ್ತಿದೆ, ತೊಳೆದರೆ ನೀರೆಲ್ಲ ನೀಲಿ. ಎಲ್ಲಿ ತಪ್ಪಿದೆ?
— ಹುಬ್ಬಳ್ಳಿ

ನಿಮ್ಮ ಬಟ್ಟೆಗೆ ನೀಲಿ ಹಿಡಿದೇ ಇಲ್ಲ, ಮೇಲೆ ಮೆತ್ತಿಕೊಂಡಿದೆ ಅಷ್ಟೆ. ನೀಲಿ ಪುಡಿ ನೀರಿನಲ್ಲಿ ಕರಗುವುದಿಲ್ಲ. ಅದರಲ್ಲಿರುವ ಆಮ್ಲಜನಕದ ಹಿಡಿತವನ್ನು ಬಿಡಿಸಿದಾಗ ಮಾತ್ರ ಅದು ತನ್ನ ನೀಲಿ ಕಳೆದುಕೊಂಡು ಹಳದಿ-ಹಸಿರಾಗಿ, ಕ್ಷಾರದ ನೀರಿನಲ್ಲಿ ಕರಗುತ್ತದೆ. ಹಾಗೆ ಕರಗಿದ್ದು ನೂಲಿನೊಳಗೆ ಇಳಿಯುತ್ತದೆ. ಬಟ್ಟೆಯನ್ನು ಮೇಲೆತ್ತಿದಾಗ ಗಾಳಿ ತಗುಲಿ ಅಲ್ಲೇ ಮತ್ತೆ ಕರಗದ ನೀಲಿಯಾಗಿ ಸಿಕ್ಕಿಕೊಳ್ಳುತ್ತದೆ. ಪೆರುವಿನ ಹುವಾಕಾ ಪ್ರಿಯೆಟಾದಲ್ಲಿ ಸಿಕ್ಕ ಸುಮಾರು 6000 ವರ್ಷ ಹಳೆಯ ಹತ್ತಿ ಬಟ್ಟೆಯ ತುಂಡುಗಳಲ್ಲಿ ಇದೇ ನೀಲಿ ಇದೆ. ಜಪಾನಿನವರು ಬೇರೆ ಜಾತಿಯ ಗಿಡದ ಎಲೆಯನ್ನು ಸುಮಾರು 100 ದಿನ ಕೊಳೆಹಾಕಿ ಇದನ್ನೇ ಪಡೆಯುತ್ತಾರೆ, ಯುರೋಪಿನವರು ವೋಡ್ ಎಂಬ ಗಿಡದಿಂದ ಪಡೆಯುತ್ತಿದ್ದರು. ಗಿಡ ಯಾವುದಾದರೂ ತೊಟ್ಟಿಯ ರಸಾಯನ ಒಂದೇ.

ಎಡವಟ್ಟಾಗಿರುವುದು ಬೆಲ್ಲದಲ್ಲಿ. ಆಮ್ಲಜನಕವನ್ನು ಕಸಿಯುವ ಕೆಲಸ ಫ್ರಕ್ಟೋಸ್, ಗ್ಲೂಕೋಸ್‌ನಂಥ ಸಕ್ಕರೆಗಳದ್ದು. ಬೆಲ್ಲದಲ್ಲಿ ಇವು ಸ್ವಲ್ಪವೇ ಇದ್ದು, ಬಹುಪಾಲು ಆ ಕೆಲಸಕ್ಕೆ ಬಾರದ ಸುಕ್ರೋಸ್. ಹಳೆಯ ಬಣ್ಣಗಾರರು ಬೆಲ್ಲ ಹಾಕುತ್ತಿದ್ದರು ನಿಜ. ಆದರೆ ಜೊತೆಗೆ ಬೇಯಿಸಿದ ತಗಚೆ ಬೀಜ ಹಾಕಿ, ಹಲವು ದಿನ ಬೆಚ್ಚಗಿಟ್ಟು ಹುಳಿಸುತ್ತಿದ್ದರು. ಅಲ್ಲಿ ಕೆಲಸ ಮಾಡುತ್ತಿದ್ದುದು ಸೂಕ್ಷ್ಮಜೀವಿಗಳು. ಒಂದೇ ರಾತ್ರಿಯಲ್ಲಿ ಆಗುವ ಕೆಲಸವಲ್ಲ ಅದು.

ಮನೆಯಲ್ಲಿ ಮಾಡಲು ಸುಲಭವಾದ ಪ್ರಮಾಣ 1:2:3. ಹತ್ತು ಲೀಟರ್ ತೊಟ್ಟಿಗೆ ನೀಲಿ ಪುಡಿ 50 ಗ್ರಾಂ, ಅರಳಿದ ಸುಣ್ಣದ ಪುಡಿ 100 ಗ್ರಾಂ, ಫ್ರಕ್ಟೋಸ್ 150 ಗ್ರಾಂ. ಪಾತ್ರೆ ಸ್ಟೀಲಿನದಿರಲಿ, ಅಲ್ಯೂಮಿನಿಯಂ ಬೇಡ, ಕ್ಷಾರ ಅದನ್ನು ತಿನ್ನುತ್ತದೆ. ನೀಲಿ ಪುಡಿಯನ್ನು ಬೆಚ್ಚಗಿನ ನೀರಿನೊಂದಿಗೆ ಬಾಟಲಿಗೆ ಹಾಕಿ, ನಾಲ್ಕು ಗೋಲಿ ಬಿಟ್ಟು, ಗಂಟೇ ಇಲ್ಲದಂತಾಗುವವರೆಗೆ ಕುಲುಕಿ. ಇದನ್ನು ಬಿಟ್ಟರೆ ಒಣಗಂಟು ಹಾಗೇ ಉಳಿದು ಬಟ್ಟೆಯ ಮೇಲೆ ಚುಕ್ಕೆ ಬೀಳುತ್ತದೆ. ನೀರು 60 ಡಿಗ್ರಿ ಬಿಸಿ ಇರುವಾಗ ಮೊದಲು ನೀಲಿ, ಆಮೇಲೆ ಕರಗಿಸಿದ ಫ್ರಕ್ಟೋಸ್, ಕೊನೆಗೆ ಸುಣ್ಣವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ. ನೊರೆ ಏಳದಂತೆ, ಗಾಳಿ ಸೇರದಂತೆ, ಒಂದೇ ದಿಕ್ಕಿಗೆ ನಿಧಾನ ತಿರುಗಿಸಿ. ಕೈಗವಸು, ಕನ್ನಡಕ ಬೇಕೇಬೇಕು. ಸುಣ್ಣ ಕಣ್ಣಿಗೆ ಹಾರಿದರೆ ಅಪಾಯ.

ಮುಚ್ಚಿಟ್ಟು ಒಂದು ಗಂಟೆ ಬಿಟ್ಟು ನೋಡಿದರೆ ಮೇಲೆ ತಾಮ್ರದ ಹೊಳಪಿನ ಪದರ, ಅದನ್ನು ಸರಿಸಿದರೆ ಕೆಳಗೆ ತಿಳಿಯಾದ ಹಳದಿ-ಕಂದು ನೀರು ಕಾಣಬೇಕು. ಗಾಜಿನ ಲೋಟದಲ್ಲಿ ಎತ್ತಿ ನೋಡಿ. ಲೋಟದೊಳಗೇ ನೀರು ನೀಲಿಯಾಗಿ ಕದಡಿದ್ದರೆ ನೀಲಿ ಇನ್ನೂ ಕರಗಿಲ್ಲ. ಮತ್ತೆ ಬೆಚ್ಚಗೆ ಮಾಡಿ, ಎರಡು ಚಮಚ ಫ್ರಕ್ಟೋಸ್ ಹಾಕಿ ಕಾಯಿರಿ. ಕ್ಷಾರ ಎಷ್ಟಿದೆ ಎಂದು ತೋರಿಸುವ ಪಿಎಚ್ ಕಾಗದ 10ಕ್ಕಿಂತ ಕಡಿಮೆ ತೋರಿಸಿದರೆ ಕೊರತೆ ಸುಣ್ಣದ್ದು. ಇವೆರಡನ್ನು ಗುರುತಿಸದೆ ಸಿಕ್ಕಿದ್ದನ್ನೆಲ್ಲ ಸುರಿಯುವುದರಿಂದಲೇ ಹೆಚ್ಚಿನ ತೊಟ್ಟಿಗಳು ಕೆಡುವುದು.

ಬಟ್ಟೆಯನ್ನು ಮೊದಲೇ ಸೋಪು ಮತ್ತು ತೂಕದ ನೂರಕ್ಕೆ 2ರಷ್ಟು ವಾಷಿಂಗ್ ಸೋಡಾ ಹಾಕಿ ಒಂದು ಗಂಟೆ ಕುದಿಸಿರಬೇಕು. ಗಿರಣಿಯ ಗಂಜಿ, ಮೇಣ ಹೋಗದಿದ್ದರೆ ಬಣ್ಣ ಕಲೆಕಲೆಯಾಗಿ ಕೂರುತ್ತದೆ. ಒದ್ದೆ ಬಟ್ಟೆಯನ್ನು ಹಿಂಡಿ, ತಳದ ಸುಣ್ಣದ ಗಸಿಗೆ ತಾಗದಂತೆ ಇಳಿಸಿ, 5ರಿಂದ 10 ನಿಮಿಷ ನೀರಿನೊಳಗೇ ಮೆಲ್ಲಗೆ ಆಡಿಸಿ. ಎತ್ತಿದಾಗ ಹಸಿರಾಗಿರುತ್ತದೆ, ಮಡಿಕೆ ಬಿಡಿಸಿ ಹಿಡಿದರೆ ಅಂಚಿನಿಂದ ಒಳಕ್ಕೆ ನೀಲಿ ಹರಡುವುದು ಕಣ್ಣಿಗೇ ಕಾಣುತ್ತದೆ. ಹದಿನೈದು ನಿಮಿಷ ಗಾಳಿಗಿಟ್ಟು ಮತ್ತೆ ಅದ್ದಿ. ಗಾಢ ಬಣ್ಣ ಬೇಕೆಂದು ಒಮ್ಮೆ ಬಹಳ ಹೊತ್ತು ಮುಳುಗಿಸಬೇಡಿ; ತೆಳು ತೊಟ್ಟಿಯಲ್ಲಿ ಆರೇಳು ಸಲ ಅದ್ದಿದ ನೀಲಿಯೇ ನಿಲ್ಲುವುದು. ಪೂರ್ತಿ ಒಣಗಿಸಿ, ಒಂದು ದಿನ ಬಿಟ್ಟು ತೊಳೆದು, ಲೀಟರಿಗೆ ಒಂದು ದೊಡ್ಡ ಚಮಚ ವಿನಿಗರ್ ಹಾಕಿದ ನೀರಿನಲ್ಲಿ ಜಾಲಾಡಿ ಸುಣ್ಣ ತೆಗೆಯಿರಿ. ಕೊನೆಗೆ ಬಿಸಿನೀರು, ಸೌಮ್ಯ ಸೋಪು. ರೇಷ್ಮೆ, ಉಣ್ಣೆಗೆ ಈ ತೊಟ್ಟಿ ಬೇಡ, ಇಷ್ಟು ಕ್ಷಾರವನ್ನು ಅವು ತಾಳುವುದಿಲ್ಲ.

ಬಣ್ಣದ ಕಾರ್ಖಾನೆಗಳಲ್ಲಿ ಸುಣ್ಣ-ಸಕ್ಕರೆಯ ಬದಲು ಕಾಸ್ಟಿಕ್ ಸೋಡಾ ಮತ್ತು ಹೈಡ್ರೋಸ್ (ಆಮ್ಲಜನಕ ಕಸಿಯುವ ರಾಸಾಯನಿಕ) ಬಳಸುತ್ತಾರೆ. ನಿಮಿಷಗಳಲ್ಲಿ ತೊಟ್ಟಿ ಸಿದ್ಧ. ಆದರೆ ಹೈಡ್ರೋಸ್ ಹೆಚ್ಚಾದರೆ ಬಟ್ಟೆಗೆ ಹಿಡಿದ ನೀಲಿಯೂ ಕರಗಿ ವಾಪಸ್ ತೊಟ್ಟಿಗೇ ಇಳಿಯುತ್ತದೆ.

ಚನ್ನಪಟ್ಟಣದ ಗೊಂಬೆ ಮಾಡುವ ಹಾಲೆ ಮರದ ಎಲೆಯಿಂದಲೂ ನೀಲಿ ಬರುತ್ತದಂತೆ, ಹೌದೆ?
— ರಾಮನಗರ

ಹೌದು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಸಸ್ಯವಿಜ್ಞಾನಿ ವಿಲಿಯಂ ರಾಕ್ಸ್‌ಬರ್ಗ್ ಇದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ನೀಲಿ ಗಿಡದ ಸೊಪ್ಪನ್ನು ತಣ್ಣೀರಿನಲ್ಲಿ ನೆನೆಹಾಕಿದರೆ ಸಾಕು, ಹಾಲೆ ಎಲೆಗೆ ಬಿಸಿನೀರು ಬೇಕು. ಆ ನೀರನ್ನು ಸುಣ್ಣ ಬೆರೆಸಿ ಕಡೆದರೆ ತಳದಲ್ಲಿ ನೀಲಿ ಕೂರುತ್ತದೆ. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಗಿಡದ ನೀಲಿಯ ವ್ಯಾಪಾರವೇ ಕುಸಿಯಿತು.

ಮಂಜಿಷ್ಠದಿಂದ ಕೆಂಪು ಬರುತ್ತದೆಂದು ಓದಿ ಹತ್ತಿ ಬಟ್ಟೆಯನ್ನು ಬೇರಿನ ಜೊತೆ ಚೆನ್ನಾಗಿ ಕುದಿಸಿದೆ. ಬಂದದ್ದು ಮಂಕಾದ ಕಂದು, ಅದೂ ಎರಡು ಒಗೆತಕ್ಕೆ ಹೋಯಿತು.
— ತುಮಕೂರು

ಎರಡು ತೊಂದರೆ, ಎರಡು ಕಾರಣ. ಬಣ್ಣ ಹೋಗಿದ್ದು ಪಟಿಕ ಹಾಕದ್ದಕ್ಕೆ. ಬೇರಿನ ಕೆಂಪಿಗೆ ಹತ್ತಿಯ ಮೇಲೆ ತಾನಾಗಿ ಹಿಡಿತವಿಲ್ಲ, ನಡುವೆ ಪಟಿಕದ ಅಲ್ಯೂಮಿನಿಯಂ ಇರಬೇಕು; ಅದು ಒಂದು ಕೈಯಲ್ಲಿ ನೂಲನ್ನು, ಇನ್ನೊಂದು ಕೈಯಲ್ಲಿ ಬಣ್ಣವನ್ನು ಹಿಡಿಯುತ್ತದೆ. ಹತ್ತಿಗೆ ಪಟಿಕವೂ ಸುಲಭವಾಗಿ ಅಂಟುವುದಿಲ್ಲವಾದ್ದರಿಂದ ಅದಕ್ಕೂ ಮೊದಲು ಅಳಲೆಕಾಯಿಯ ಒಗರು ಬೇಕು. ಮೊಹೆಂಜೊದಾರೋದಲ್ಲಿ ಬೆಳ್ಳಿಯ ಪಾತ್ರೆಗೆ ಅಂಟಿಕೊಂಡು ಉಳಿದ ಹತ್ತಿ ಬಟ್ಟೆಯ ಚೂರಿನಲ್ಲಿ ಇದೇ ಬಳಗದ ಬೇರಿನ ಕೆಂಪು ಸಿಕ್ಕಿದೆ. ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಹತ್ತಿಗೆ ಕೆಂಪು ಹಿಡಿಸುವ ವಿದ್ಯೆ ನಮ್ಮ ನೆಲದಲ್ಲಿತ್ತು ಎನ್ನುವುದು ಸಣ್ಣ ಮಾತಲ್ಲ.

ಅರ್ಧ ಕಿಲೋ ಬಟ್ಟೆಗೆ ಅಳಲೆಕಾಯಿ ಪುಡಿ 100 ಗ್ರಾಂ ರಾತ್ರಿ ನೆನೆಹಾಕಿ ಸೋಸಿ, ಕುದಿಸಿ ಶುದ್ಧ ಮಾಡಿದ ಬಟ್ಟೆಯನ್ನು ಅದರಲ್ಲಿ ಎರಡು ಗಂಟೆ ಇಟ್ಟು, ತೊಳೆಯದೆ ಒಣಗಿಸಿ. ಮರುದಿನ 75 ಗ್ರಾಂ ಪಟಿಕವನ್ನು ಬಿಸಿನೀರಿನಲ್ಲಿ ಕರಗಿಸಿ, ಒಂದು ರಾತ್ರಿ ನೆನೆಸಿ, ಮತ್ತೆ ಒಣಗಿಸಿ, ಎರಡು ದಿನ ಬಿಡಿ. ಆಮೇಲೆ ಒಮ್ಮೆ ಚೆನ್ನಾಗಿ ಜಾಲಾಡಬೇಕು. ಬಟ್ಟೆಯ ಮೇಲೆ ಸಡಿಲವಾಗಿ ಉಳಿದ ಪಟಿಕ ತೊಟ್ಟಿಯಲ್ಲೇ ಬಣ್ಣವನ್ನು ಹಿಡಿದುಬಿಡುತ್ತದೆ.

ಕಂದು ಬಂದದ್ದು ಕುದಿಸಿದ್ದಕ್ಕೆ. ಬೇರಿನಲ್ಲಿ ಕೆಂಪಿನ ಜೊತೆ ಕಂದು, ಹಳದಿಗಳೂ ಇವೆ, ಬಿಸಿ ಏರಿದಂತೆ ಅವೂ ಇಳಿಯುತ್ತವೆ. ಬಟ್ಟೆಯ ತೂಕದಷ್ಟೇ ಬೇರಿನ ಪುಡಿಯನ್ನು ಹಿಂದಿನ ರಾತ್ರಿ ನೆನೆಹಾಕಿ, ಬಟ್ಟೆಯನ್ನು ತಣ್ಣಗಿರುವಾಗಲೇ ಇಳಿಸಿ, ಒಂದು ಗಂಟೆಯ ಅವಧಿಯಲ್ಲಿ 65 ಡಿಗ್ರಿಗೆ ಏರಿಸಿ, ಇನ್ನೊಂದು ಗಂಟೆ ಅಲ್ಲೇ ನಿಲ್ಲಿಸಿ, ಅದೇ ನೀರಿನಲ್ಲಿ ಆರಲು ಬಿಡಿ. ಕಬ್ಬಿಣದ ಬಾಣಲೆ ಮುಟ್ಟಲೇಬೇಡಿ. ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣವಿದ್ದರೂ ಕೆಂಪು ಮಂಕಾಗುತ್ತದೆ, ಅಳಲೆಕಾಯಿ ಹಾಕಿದ ಬಟ್ಟೆಯಂತೂ ಬೂದಿ ಬಣ್ಣಕ್ಕೆ ತಿರುಗುತ್ತದೆ. ಬೇಕೆಂದೇ ಇದನ್ನು ಬಳಸುವವರು ಕಲಂಕಾರಿಯವರು: ತುಕ್ಕು ಕಬ್ಬಿಣ ಮತ್ತು ಬೆಲ್ಲವನ್ನು ನೀರಿನಲ್ಲಿ ವಾರಗಟ್ಟಲೆ ಹುಳಿಸಿ ತೆಗೆದ ಕಸಿಮಿಯಿಂದ ಅಳಲೆಕಾಯಿ ಬಟ್ಟೆಯ ಮೇಲೆ ಬರೆದರೆ ಗೆರೆ ಕಪ್ಪಗೆ ಮೂಡುತ್ತದೆ. ನೀರು ಗಡುಸಾಗಿದ್ದರೆ ಮಾತ್ರ ಚಿಂತೆ ಬೇಡ, ಸುಣ್ಣದ ಅಂಶ ಈ ಕೆಂಪಿಗೆ ಒಳ್ಳೆಯದೇ.

ಅರಿಸಿನದ ಬಣ್ಣ ನಿಲ್ಲಿಸುವ ದಾರಿ ಇದೆಯೆ?
— ಶಿವಮೊಗ್ಗ

ಇಲ್ಲ. ಪಟಿಕ ಹಾಕಿದರೆ ಒಗೆತಕ್ಕೆ ಸ್ವಲ್ಪ ತಡೆಯುತ್ತದೆ, ಬಿಸಿಲಿಗೆ ತಡೆಯುವುದಿಲ್ಲ. ಬಿಸಿಲು ಅದರ ಬಣ್ಣದ ಅಂಶವನ್ನೇ ಒಡೆಯುತ್ತದೆ. ಸೋಪು ತಾಗಿದಲ್ಲಿ ಕೆಂಪಾಗುವುದು ಕ್ಷಾರದಿಂದ, ನಿಂಬೆರಸ ಹಿಂಡಿದರೆ ಹಳದಿ ಮರಳುತ್ತದೆ. ನಿಲ್ಲುವ ಹಳದಿ ಬೇಕಿದ್ದರೆ ದಾಳಿಂಬೆ ಸಿಪ್ಪೆ, ಪಟಿಕ ಬಳಸಿ.

ಸುಣ್ಣದ ಗೋಡೆಗೆ ಹಾಕುವ ನೀಲಿ ಪುಡಿಯೂ ಹಳೆಯ ಚಿತ್ರಗಳ ದುಬಾರಿ ನೀಲಿಯೂ ಒಂದೇ ಎನ್ನುತ್ತಾರೆ. ಹೇಗೆ?
— ಶಿರಸಿ

ವಸ್ತು ಒಂದೇ: ಅಲ್ಟ್ರಾಮರೀನ್. ಒಂದು ಗಣಿಯದ್ದು, ಇನ್ನೊಂದು ಕುಲುಮೆಯದ್ದು. ಅಫ್ಘಾನಿಸ್ತಾನದ ಬದಖ್‌ಶಾನಿನ ಸರ್-ಎ-ಸಂಗ್ ಗಣಿಯ ಲಾಜವರ್ದ ಕಲ್ಲನ್ನು ಬರಿದೆ ಅರೆದರೆ ಬೂದು ಬಣ್ಣವಷ್ಟೇ ಸಿಗುತ್ತದೆ, ಅದರಲ್ಲಿ ಬಿಳಿ ಕಲ್ಲಿನ ಅಂಶ ಅಷ್ಟಿರುತ್ತದೆ. ಹಾಗಾಗಿ ಇಟಲಿಯ ಚಿತ್ರಕಾರರು ಪುಡಿಯನ್ನು ಮೇಣ, ರಾಳಗಳ ಜೊತೆ ಕಣಕವಾಗಿ ನಾದಿ, ಕೆಲವು ದಿನ ಬಿಟ್ಟು, ಬೂದಿಯ ಕ್ಷಾರದ ನೀರಿನೊಳಗೆ ಹಿಸುಕುತ್ತಿದ್ದರು. ನೀಲಿ ಹರಳು ನೀರಿಗಿಳಿಯುತ್ತಿತ್ತು, ಕಸ ಕಣಕದಲ್ಲೇ ಉಳಿಯುತ್ತಿತ್ತು. ಮೊದಲ ಹಿಸುಕಿನದು ಅತ್ಯುತ್ತಮ, ಕೊನೆಯದು ಬೂದಿಬಣ್ಣ. 1824ರಲ್ಲಿ ಫ್ರಾನ್ಸಿನ ಕೈಗಾರಿಕಾ ಪ್ರೋತ್ಸಾಹ ಸಂಘ ಇದನ್ನು ಅಗ್ಗವಾಗಿ ಮಾಡಿ ತೋರಿಸಿದವರಿಗೆ 6000 ಫ್ರಾಂಕ್ ಬಹುಮಾನ ಸಾರಿತು. 1828ರಲ್ಲಿ ಅದನ್ನು ಪಡೆದವನು ಫ್ರಾನ್ಸಿನ ರಸಾಯನಕಾರ ಗೀಮೆ. ಬಿಳಿ ಜೇಡಿಮಣ್ಣು, ಸೋಡಾ, ಗಂಧಕ, ಇದ್ದಿಲು ಸೇರಿಸಿ ಸುಡುವ ಆ ವಿಧಾನದಿಂದಲೇ ಈ ನೀಲಿ ಬಟ್ಟೆ ಒಗೆಯುವ ಕಲ್ಲಿನವರೆಗೂ ಬಂತು.

ಪರೀಕ್ಷೆ ಸುಲಭ. ಚಿಟಿಕೆ ಪುಡಿಯ ಮೇಲೆ ನಿಂಬೆರಸ ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ. ಬಣ್ಣ ಕಳೆದು ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಅಲ್ಟ್ರಾಮರೀನ್. ಬರೀ ನೊರೆ ಬಂದರೆ ಅದು ಪುಡಿಗೆ ಬೆರೆಸಿದ ಸೋಡಾ. ಬಾಟಲಿಯಲ್ಲಿ ಬರುವ ದ್ರವ ನೀಲಿ ಬೇರೆಯೇ ಬಣ್ಣ, ಗೋಡೆಗೆ ಬೇಡ. ಸುಣ್ಣದಲ್ಲಿ ಅಲ್ಟ್ರಾಮರೀನ್ ಗಟ್ಟಿಯಾಗಿ ನಿಲ್ಲುತ್ತದೆ, ಪ್ರಷ್ಯನ್ ಬ್ಲೂ ಎಂಬ ಇನ್ನೊಂದು ಕೃತಕ ನೀಲಿ ಕಂದಾಗಿ ಕೆಡುತ್ತದೆ. ಪುಡಿಯನ್ನು ರಾತ್ರಿಯೇ ನೀರಿನಲ್ಲಿ ನೆನೆಸಿ ಸೋಸಿ ಹಾಕಿ. ಸುಣ್ಣದ ತೂಕದ ಹತ್ತನೇ ಒಂದು ಭಾಗ ಮೀರಿದರೆ ಗೋಡೆ ಮುಟ್ಟಿದವರ ಬಟ್ಟೆಗೆಲ್ಲ ಹತ್ತುತ್ತದೆ.

ಬೇಲಿಯ ಪಾಪಸ್‌ಕಳ್ಳಿಯ ಮೇಲೆ ಹತ್ತಿಯಂಥ ಬಿಳಿ ಹುಳ. ಹಿಸುಕಿದರೆ ರಕ್ತದಂಥ ಬಣ್ಣ. ಇದೇನು?
— ಚಿತ್ರದುರ್ಗ

ಕೆಂಪು ಬಣ್ಣಕ್ಕಾಗಿ ಸಾಕುವ ಕೊಚಿನೀಲ್ ಹುಳದ ಕಾಡು ಬಂಧು. ಮೆಕ್ಸಿಕೋದ ಓಹಾಕಾದಲ್ಲಿ ಸಾಕುವ ಅಸಲಿ ಕೊಚಿನೀಲ್‌ನಿಂದ ಸ್ಪೇನ್ ದೇಶ ಶತಮಾನಗಳ ಕಾಲ ಅಪಾರ ಹಣ ಮಾಡಿತು. ಒಂದು ಕಿಲೋ ಒಣಹುಳಕ್ಕೆ ಸುಮಾರು 1,40,000 ಹುಳ ಬೇಕು. ಆ ಲಾಭದ ಆಸೆಯಿಂದ ಈಸ್ಟ್ ಇಂಡಿಯಾ ಕಂಪನಿಯವರು 1795ರಲ್ಲಿ ಬ್ರೆಜಿಲಿನಿಂದ ಹುಳ ತರಿಸಿದರು. ಬಂದದ್ದು ಬೇರೆ ಜಾತಿ, ಬಣ್ಣ ಕಳಪೆ. ಆದರೆ ಅದು ದಕ್ಷಿಣ ಭಾರತದಲ್ಲಿ ಹಬ್ಬಿದ್ದ ಒಂದು ಜಾತಿಯ ಪಾಪಸ್‌ಕಳ್ಳಿಯನ್ನು ತಿಂದು ಮುಗಿಸಿತು. ಕಳೆಯನ್ನು ಹುಳದಿಂದ ಅಡಗಿಸುವ ವಿದ್ಯೆಗೆ ಜಗತ್ತಿನಲ್ಲೇ ಇದು ಮೊದಲ ಉದಾಹರಣೆ ಎಂದು ಹೇಳುತ್ತಾರೆ. ಇನ್ನೊಂದು ಜಾತಿಯ ಕಳ್ಳಿಯನ್ನು ತಡೆಯಲು 1920ರ ದಶಕದಲ್ಲಿ ಬೇಕೆಂದೇ ಮತ್ತೊಂದು ಹುಳ ತಂದರು.

ಕೆಂಪು ಕೊಡುವುದು ಕಾರ್ಮಿನಿಕ್ ಆಮ್ಲ. ರಸವನ್ನು ಕಾಗದಕ್ಕೆ ಹಚ್ಚಿ, ಒಂದು ಕಡೆ ನಿಂಬೆರಸ, ಇನ್ನೊಂದು ಕಡೆ ಸೋಡಾ ನೀರು ತಾಗಿಸಿ: ಒಂದು ಕಿತ್ತಳೆಯತ್ತ, ಇನ್ನೊಂದು ನೇರಳೆಯತ್ತ ತಿರುಗುತ್ತದೆ. ಪಟಿಕ ಹಾಕಿದ ಉಣ್ಣೆ, ರೇಷ್ಮೆಗೆ ಚೆನ್ನಾಗಿ ಹಿಡಿಯುತ್ತದೆ. ಕಾಡು ಹುಳದಲ್ಲಿ ಮೇಣ ಹೆಚ್ಚು, ಬಣ್ಣ ಕಡಿಮೆ, ಆದ್ದರಿಂದ ಹುಳ ಹೆಚ್ಚು ಬೇಕಾಗುತ್ತದೆ.

ಮನೆಯಲ್ಲಿ ಹಳೆಯ ಮೈಸೂರು ಶೈಲಿಯ ಚಿತ್ರವಿದೆ, ಜೊತೆಗೆ ಹರಿದಾಳ, ಇಂಗಳಿಕ, ಸಫೇದ ಇರುವ ಡಬ್ಬಿಗಳು. ದೇವರ ಮುಖದ ಬಿಳುಪು ಕಪ್ಪಾಗಿದೆ. ಒರೆಸಬಹುದೆ? ಆ ಬಣ್ಣಗಳನ್ನು ಮತ್ತೆ ಬಳಸಬಹುದೆ?
— ಮೈಸೂರು

ಎರಡೂ ಬೇಡ. ಹರಿದಾಳ ಆರ್ಸೆನಿಕ್‌ನ ಸಲ್ಫೈಡ್, ಇಂಗಳಿಕ ಪಾದರಸದ್ದು, ಹಳೆಯ ಸಫೇದ ಬಹುತೇಕ ಸೀಸದ್ದು. ಅರೆಯಬೇಡಿ, ಬಿಸಿ ಮಾಡಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಮುಚ್ಚಳ ಬಿಗಿದು, ಮೇಲೆ ಹೆಸರು ಬರೆದಿಡಿ. ಆ ಚಿತ್ರವನ್ನು ಪರೀಕ್ಷಿಸುವವರಿಗೆ ಈ ಡಬ್ಬಿಗಳೇ ದೊಡ್ಡ ಸಾಕ್ಷಿ.

ಮುಖ ಕಪ್ಪಾಗಿರುವುದು ಕೊಳೆಯಿಂದ ಇರಲಾರದು. ಗಾಳಿಯಲ್ಲಿನ ಗಂಧಕದ ಅನಿಲ ತಾಗಿ ಸೀಸದ ಬಿಳುಪು ಕಪ್ಪು ಸೀಸದ ಸಲ್ಫೈಡ್ ಆಗುತ್ತದೆ. ಒರೆಸಿದರೆ ಅದು ಹೋಗುವುದಿಲ್ಲ, ಕೆಳಗಿನ ಬಣ್ಣ ಹೋಗುತ್ತದೆ, ಏಕೆಂದರೆ ಈ ಚಿತ್ರಗಳ ಬಣ್ಣ ಕಲಸುವುದು ಗೋಂದಿನಲ್ಲಿ. ಒದ್ದೆ ಬಟ್ಟೆ ತಾಗಿದರೆ ಏಳುತ್ತದೆ. ಚಿನ್ನದ ರೇಕು ಅಂಟಿಸಿದ ಉಬ್ಬು ಕೆಲಸವೂ ಸಫೇದ, ಗೋಂದು, ರೇವಲ್‌ಚಿನ್ನಿಯ ಹಾಲು (ಮರದ ಹಳದಿ ಅಂಟು) ಕಲಸಿದ್ದು, ಅದಕ್ಕೂ ನೀರು ಶತ್ರು. ಕಪ್ಪಾದ ಸೀಸವನ್ನು ಮತ್ತೆ ಬಿಳಿಯಾಗಿಸುವ ವಿಧಾನ ಸಂರಕ್ಷಕರಿಗೆ ಗೊತ್ತಿದೆ, ಅದನ್ನು ಅವರೇ ಮಾಡಬೇಕು. ಅಲ್ಲಿಯವರೆಗೆ ಚಿತ್ರವನ್ನು ಊದುಬತ್ತಿ ಹೊಗೆ, ಹೊರಗೋಡೆಯ ತೇವ ಎರಡರಿಂದಲೂ ದೂರವಿಡಿ. ಚೌಕಟ್ಟಿನ ಗಾಜು ಉಬ್ಬು ಕೆಲಸಕ್ಕೆ ತಾಗುತ್ತಿದ್ದರೆ, ಒಳಗಿನಿಂದ ಸುತ್ತಲೂ ತೆಳು ಮರದ ಪಟ್ಟಿ ಕೊಡಿಸಿ ನಡುವೆ ಅಂತರ ಮಾಡಿಸಿ.